ಹೈಸ್ಕೂಲ್ ಮಕ್ಕಳಿಗೆ ಸಿಟ್ಟು, ಅಂಜಿಕೆ, ಬೇಸರ ನಿಭಾಯಿಸುವುದನ್ನು ಕಲಿಸುವ ಬಗೆ

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಹೈಸ್ಕೂಲ್ ಮಕ್ಕಳನ್ನು "ಏನಾಗ್ಯದ?" ಎಂದು ಕೇಳಿ ನೋಡಿ. ಹೆಚ್ಚಾಗಿ ಬರುವ ಉತ್ತರ ಒಂದೇ: "ಟೆನ್ಷನ್ ಆಗ್ಯದ ಸರ್." ಪರೀಕ್ಷೆಯ ಅಂಜಿಕೆಗೂ ಟೆನ್ಷನ್, ಗೆಳತಿ ಮಾತು ಬಿಟ್ಟಿದ್ದಕ್ಕೂ ಟೆನ್ಷನ್, ಅಪ್ಪ ಕುಡಿದು ಬಂದ ರಾತ್ರಿಗೂ ಟೆನ್ಷನ್, ಬೆಳಗ್ಗೆಯಿಂದ ಹೊಟ್ಟೆಗೆ ಏನೂ ಇಲ್ಲದ್ದಕ್ಕೂ ಟೆನ್ಷನ್. ಎಲ್ಲದಕ್ಕೂ ಒಂದೇ ಹೆಸರಿಟ್ಟ ಮೇಲೆ ಮದ್ದೂ ಒಂದೇ ಆಗುತ್ತದೆ: ಮೊಬೈಲ್ ಹಿಡಿದು ಮೂಲೆ ಸೇರುವುದು, ಇಲ್ಲವೇ ಪಕ್ಕದವನ ಮೇಲೆ ಕೈ ಮಾಡುವುದು. ಕಲಿಸುವ ಕೆಲಸ ಈ ಒಂದು ಪದವನ್ನು ಬಿಡಿಸುವುದರಿಂದ ಶುರುವಾಗಬೇಕು.

ವಿಶ್ವ ಆರೋಗ್ಯ ಸಂಸ್ಥೆ ಪಟ್ಟಿ ಮಾಡಿದ ಹತ್ತು ಜೀವನ ಕೌಶಲಗಳಲ್ಲಿ ಭಾವನೆಗಳ ನಿರ್ವಹಣೆ ಒಂದು, ಒತ್ತಡದ ನಿರ್ವಹಣೆ ಇನ್ನೊಂದು. ಕೌಶಲ ಎಂದರೆ ಸೈಕಲ್ ಹೊಡೆದಂತೆ, ರೊಟ್ಟಿ ಬಡಿದಂತೆ. ಭಾಷಣ ಕೇಳಿ ಯಾರಿಗೂ ರೊಟ್ಟಿ ಬಡಿಯಲು ಬಂದಿಲ್ಲ. ಈ ಬರಹ 8ರಿಂದ 10ನೇ ತರಗತಿಯ ಶಿಕ್ಷಕರಿಗೆ, ವಸತಿ ಶಾಲೆಗಳ ವಾರ್ಡನ್‌ಗಳಿಗೆ.

ಯಾವಾಗ, ಎಷ್ಟು ಹೊತ್ತು, ಯಾರು

ಫೆಬ್ರವರಿಯಲ್ಲಿ ಶುರು ಮಾಡಬೇಡಿ. ಅದು ಬೆಂಕಿ ಬಿದ್ದಾಗ ಬಾವಿ ತೋಡಿದಂತೆ. 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರ ಫಲಿತಾಂಶದಲ್ಲಿ ಯಾದಗಿರಿ ರಾಜ್ಯದಲ್ಲೇ ಕೊನೆಯ ಜಿಲ್ಲೆ. 2025ರಲ್ಲಿ ಶೇ 42.43ರೊಂದಿಗೆ ಕಲಬುರಗಿ ಆ ಜಾಗಕ್ಕೆ ಬಂತು. ಹೀಗಾದ ಮೇಲೆ ಹತ್ತನೇ ತರಗತಿಗೆ ಬೆಳಗ್ಗೆ ವಿಶೇಷ ತರಗತಿ, ಸಂಜೆ ವಿಶೇಷ ತರಗತಿ ಸಹಜ. ಅದರ ನಡುವೆ "ಒತ್ತಡ ನಿರ್ವಹಣೆ" ಎಂಬ ಇನ್ನೊಂದು ತರಗತಿ ತುರುಕಿದರೆ ಮಕ್ಕಳಿಗೆ ಅದೂ ಒಂದು ಒತ್ತಡ. ಜುಲೈನಲ್ಲಿ ಹಿಡಿದು ದಸರಾ ರಜೆಯೊಳಗೆ ಮುಗಿಸಿ. ಆಯ್ಕೆ ಇದ್ದರೆ 8 ಮತ್ತು 9ನೇ ತರಗತಿಯನ್ನು ಮೊದಲು ಹಿಡಿಯಿರಿ.

ವಾರಕ್ಕೊಂದು 40 ನಿಮಿಷದ ಪೀರಿಯಡ್, 12 ವಾರ. ಅದಕ್ಕಿಂತ ಮುಖ್ಯವಾದದ್ದು ದಿನವೂ ಹಾಜರಿ ಆದ ಮೇಲೆ, ಕೆಳಗೆ ಹೇಳಿದ ಫರಸಿ ಮತ್ತು ಉಸಿರಿನ 3 ನಿಮಿಷದ ಅಭ್ಯಾಸ. ಎರಡರಲ್ಲಿ ಒಂದನ್ನೇ ಮಾಡಲು ಸಾಧ್ಯ ಎಂದಾದರೆ ವಾರದ ಪೀರಿಯಡ್ ಬಿಡಿ, 3 ನಿಮಿಷ ಉಳಿಸಿಕೊಳ್ಳಿ. ಬ್ರಿಟನ್ನಿನ 84 ಶಾಲೆಗಳ 8,000ಕ್ಕೂ ಹೆಚ್ಚು ಮಕ್ಕಳಿಗೆ ಧ್ಯಾನಾಧಾರಿತ ಪಾಠಗಳನ್ನು ಕಲಿಸಿ ನೋಡಿದ ದೊಡ್ಡ ಅಧ್ಯಯನವೊಂದರ ಫಲಿತಾಂಶ 2022ರಲ್ಲಿ ಬಂತು. ಮಾಮೂಲಿ ಪಾಠಕ್ಕಿಂತ ಅದು ಹೆಚ್ಚೇನೂ ಉಪಯೋಗವಾಗಲಿಲ್ಲ. ಬಹುಪಾಲು ಮಕ್ಕಳು ತರಗತಿಯಿಂದ ಹೊರಗೆ ಅದನ್ನು ಅಭ್ಯಾಸವನ್ನೇ ಮಾಡಿರಲಿಲ್ಲ. ಮನೆಗೆ ಕಳಿಸಿದ ಅಭ್ಯಾಸ ಆಗುವುದಿಲ್ಲ ಎಂದೇ ಇಟ್ಟುಕೊಂಡು ಶಾಲೆಯಲ್ಲೇ ಮಾಡಿಸಿ.

ಕಲಿಸುವವರು ಯಾರು ಎಂಬುದು ಎಲ್ಲಕ್ಕಿಂತ ಸೂಕ್ಷ್ಮ. ಬಿಹಾರದ ನಳಂದ ಜಿಲ್ಲೆಯ 74 ಪ್ರೌಢಶಾಲೆಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದೇ ಕಾರ್ಯಕ್ರಮವನ್ನು ಕೆಲವು ಶಾಲೆಗಳಲ್ಲಿ ತರಬೇತಿ ಪಡೆದ ಸ್ಥಳೀಯ ಆಪ್ತಸಲಹೆಗಾರರು, ಕೆಲವು ಶಾಲೆಗಳಲ್ಲಿ ಅಲ್ಲಿನ ಶಿಕ್ಷಕರೇ ನಡೆಸಿದರು. ಸಲಹೆಗಾರರಿದ್ದ ಶಾಲೆಗಳಲ್ಲಿ ವಾತಾವರಣ ಸುಧಾರಿಸಿತು, ಮಕ್ಕಳ ಖಿನ್ನತೆ ಇಳಿಯಿತು, ಪೀಡನೆ ಕಡಿಮೆಯಾಯಿತು. ಶಿಕ್ಷಕರು ನಡೆಸಿದಲ್ಲಿ ಏನೂ ಬದಲಾಗಲಿಲ್ಲ. ನಮ್ಮ ಸರ್ಕಾರಿ ಹೈಸ್ಕೂಲುಗಳಲ್ಲಿ ಪೂರ್ಣಾವಧಿ ಸಲಹೆಗಾರರು ಸಿಗುವುದು ಅಪರೂಪ. ಹಾಗಾಗಿ ಇರುವವರಲ್ಲಿ ಮಕ್ಕಳು ಅಂಜದವರನ್ನು ಆರಿಸಿ. ಎಷ್ಟೋ ಕಡೆ ದೈಹಿಕ ಶಿಕ್ಷಕರು ಇದಕ್ಕೆ ಹೊಂದುತ್ತಾರೆ, ಅವರು ಮೈಯಿಂದಲೇ ಶುರು ಮಾಡುವವರು. ಯಾರೇ ಆದರೂ ಕಲಿಸುವ ಮೊದಲು ಎರಡು ವಾರ ಕೆಳಗಿನ ಅಭ್ಯಾಸಗಳನ್ನು ತಾವೇ ಮಾಡಿರಬೇಕು. ಬೆಳಗ್ಗೆ ಸಿಟ್ಟಿನ ಪಾಠ ಹೇಳಿ ಮಧ್ಯಾಹ್ನ ಅದೇ ಶಾಲೆಯಲ್ಲಿ ಬೆತ್ತ ಎತ್ತಿದರೆ ಪಾಠ ಅಲ್ಲಿಗೆ ಮುಗಿಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ ಎಂಬುದು ಎಲ್ಲ ಶಿಕ್ಷಕರಿಗೂ ನೆನಪಿರಲಿ.

ವೇಳಾಪಟ್ಟಿಯಲ್ಲಿ ಇದಕ್ಕೆ "ಮಾನಸಿಕ ಆರೋಗ್ಯ" ಎಂದು ಬರೆಯಬೇಡಿ. "ಹುಚ್ಚರ ಕ್ಲಾಸ್" ಎಂಬ ಹೆಸರು ವಾರದೊಳಗೆ ಬೀಳುತ್ತದೆ, ತಂದೆತಾಯಿ ಬಂದು ಕೇಳುತ್ತಾರೆ. "ಮನಸ್ಸಿನ ಕಸರತ್ತು" ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಕೊನೆಯ ಪೀರಿಯಡ್ ಬೇಡ, ಬಿಸಿಯೂಟ ಆದ ಕೂಡಲೇ ಬೇಡ. ಎರಡನೆಯ ಅಥವಾ ಮೂರನೆಯ ಪೀರಿಯಡ್ ಒಳ್ಳೆಯದು.

ಮೊದಲ ಪಾಠ: ಟೆನ್ಷನ್ ಬಿಡಿಸುವುದು

ಬೇಕಾದದ್ದು ಬೋರ್ಡು, ಸೀಮೆಸುಣ್ಣ, ಆರಾರು ಮಕ್ಕಳ ಗುಂಪಿಗೊಂದು ಹಾಳೆ. ಬೋರ್ಡಿನ ನಡುವೆ "ಟೆನ್ಷನ್" ಎಂದು ದೊಡ್ಡದಾಗಿ ಬರೆಯಿರಿ. ಯಾವತ್ತೂ "ನಿನಗೆ ಯಾವಾಗ ಟೆನ್ಷನ್ ಆಗ್ತದ?" ಎಂದು ಕೇಳಬೇಡಿ. "ಒಂಬತ್ತನೇ ತರಗತಿಯ ಹುಡುಗನಿಗೆ ಯಾವ ಯಾವುದಕ್ಕ ಟೆನ್ಷನ್ ಆಗ್ತದ?" ಎಂದು ಕೇಳಿ. ಮೂರನೆಯವನ ಹೆಸರಲ್ಲಿ ಮಕ್ಕಳು ತಮ್ಮದೇ ಮಾತು ಹೇಳುತ್ತಾರೆ, ಯಾರ ಮರ್ಯಾದೆಯೂ ಹೋಗುವುದಿಲ್ಲ.

ಸುತ್ತಲೂ ಸಂದರ್ಭಗಳು ತುಂಬಿದ ಮೇಲೆ ಪ್ರತಿಯೊಂದಕ್ಕೂ ಎರಡು ಪ್ರಶ್ನೆ: ಆಗ ಮೈಯಲ್ಲಿ ಎಲ್ಲಿ ಏನಾಗುತ್ತದೆ? ಅದಕ್ಕೆ ಸರಿಯಾದ ಹೆಸರೇನು? ಎದೆ ಧಡಧಡ ಅಂದರೆ ಅಂಜಿಕೆ. ಕಿವಿ ಬಿಸಿಯಾಗಿ ಹಲ್ಲು ಕಚ್ಚಿದರೆ ಸಿಟ್ಟು. ಮುಖ ಕೆಳಗಾಗಿ ನೆಲ ಬಾಯಿಬಿಡಲಿ ಅನ್ನಿಸಿದರೆ ನಾಚಿಕೆ. ಗಂಟಲು ಕಟ್ಟಿದರೆ ದುಃಖ. ಕೈಕಾಲು ಸೋತು ಯಾವುದೂ ಬೇಡವೆನಿಸಿದರೆ ಬೇಸರ. ಕಳವಳ, ಗಾಬರಿ, ಹೊಟ್ಟೆಕಿಚ್ಚು, ಅವಮಾನ, ಒಂಟಿತನ, ಸಂಕಟ, ತಪ್ಪು ಮಾಡಿದ ಅಳುಕು: ಹೀಗೆ ಹನ್ನೆರಡು ಪದ ತರಗತಿಯಿಂದಲೇ ಬರುವವರೆಗೆ ಬಿಡಬೇಡಿ. ಬೀದರ್ ಕಡೆ ಉರ್ದು, ಮರಾಠಿ ಮನೆಮಾತಿನ ಮಕ್ಕಳು, ಗುರುಮಠಕಲ್ ಕಡೆ ತೆಲುಗಿನವರು, ತಾಂಡಾಗಳ ಮಕ್ಕಳು ತಮ್ಮ ಮನೆಮಾತಿನ ಪದ ಹೇಳಲಿ, ಅದನ್ನೇ ಬೋರ್ಡಿಗೆ ಬರೆಯಿರಿ. ಅವ್ವನ ಮಾತಿನಲ್ಲಿ ಹೆಸರಿಟ್ಟಾಗ ಭಾವನೆ ಬೇಗ ಕೈಗೆ ಸಿಗುತ್ತದೆ. ಹೆಸರಿಡುವುದರಿಂದಲೇ ಅದರ ಜೋರು ತುಸು ತಗ್ಗುತ್ತದೆ, ಮುಂದೆ ಏನು ಮಾಡಬೇಕು ಎಂಬುದೂ ಹೊಳೆಯುತ್ತದೆ. ಹಸಿವಿಗೆ ಊಟ ಬೇಕು, ನಾಚಿಕೆಗೆ ಒಬ್ಬ ಗೆಳೆಯ ಬೇಕು, ಅಂಜಿಕೆಗೆ ತಯಾರಿ ಬೇಕು.

ಎರಡನೆಯ ಪಾಠ: ಕಾವು ಅಳೆಯುವುದು

ಪ್ರತಿ ಮಗುವಿನ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ 0ಯಿಂದ 10ರವರೆಗಿನ ಒಂದು ಕಾವುಪಟ್ಟಿ. 0 ಅಂದರೆ ಮಳೆ ನಿಂತ ಸಂಜೆ, 10 ಅಂದರೆ ಮೇ ತಿಂಗಳ ನಡುಮಧ್ಯಾಹ್ನ. ಬಿಸಿಲಿನ ನಾಡಿನ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಮೇಲೆ ಇಡೀ ಕಾರ್ಯಕ್ರಮದ ಬೆನ್ನೆಲುಬಾದ ನಿಯಮ:

7 ಮತ್ತು ಮೇಲಕ್ಕೆ: ಮಾತು ಬೇಡ, ತೀರ್ಮಾನ ಬೇಡ, ಮೊಬೈಲ್‌ನಲ್ಲಿ ಮೆಸೇಜ್ ಬೇಡ. ಮೈಗೆ ಮಾತ್ರ ಕೆಲಸ.
4ರಿಂದ 6: ಉಸಿರು, ಹೆಸರಿಡುವುದು, ತನಗೆ ತಾನು ಹೇಳಿಕೊಳ್ಳುವ ಒಂದು ನಿಜವಾದ ಮಾತು.
3 ಮತ್ತು ಕೆಳಗೆ: ಈಗ ಸಮಸ್ಯೆ ಬಿಡಿಸುವ ಹೊತ್ತು.

ದೊಡ್ಡವರಿಂದ ಆಗುವ ತಪ್ಪು ಹೆಚ್ಚಾಗಿ ಇಲ್ಲಿಯದೇ. ಜಗಳವಾಡಿ 9ಕ್ಕೆ ಏರಿರುವ ಹುಡುಗನನ್ನು ನಿಲ್ಲಿಸಿಕೊಂಡು "ಯಾಕ ಹೊಡೆದಿ, ಹೇಳು" ಎಂದು ಕೇಳುತ್ತೇವೆ. ಹದಿಹರೆಯದಲ್ಲಿ ವಿಚಾರ ಮಾಡಿ ತಡೆಯುವ ಮಿದುಳಿನ ಮುಂಭಾಗ ಇನ್ನೂ ಬಲಿಯುತ್ತಿರುತ್ತದೆ, ಅದು ಪೂರ್ತಿಯಾಗುವುದು ಇಪ್ಪತ್ತು ದಾಟಿದ ಮೇಲೆ. ಕಾವು ಏರಿದಾಗ ಅವನ ಬಳಿ ಉತ್ತರ ಇರುವುದೇ ಇಲ್ಲ. "ತಮ್ಮಾ, ಮೊದಲ ಮುಖ ತೊಳ್ಕೊಂಡ ಬಾ, ನೀರ ಕುಡಿ, ಆಮ್ಯಾಲ ಮಾತಾಡಮು" ಎನ್ನಿ. ಇಪ್ಪತ್ತು ನಿಮಿಷ ಬಿಟ್ಟು ಕೇಳಿದರೆ ನಿಜ ಹೊರಬರುತ್ತದೆ. ಸಿಟ್ಟು ಹೊರಗೆ ಹೋಗಲಿ ಎಂದು ಗೋಡೆಗೆ ಗುದ್ದಲು, ಹಾಳೆ ಹರಿಯಲು ಹೇಳುವವರಿದ್ದಾರೆ. ಬೇಡ. ಗುದ್ದಿದಷ್ಟೂ ಸಿಟ್ಟು ಕಾಯುತ್ತದೆಯೇ ಹೊರತು ಆರುವುದಿಲ್ಲ.

ಮೈಯ ಕೆಲಸ: ಫರಸಿ ಮತ್ತು ಉಸಿರು

ಎಷ್ಟೋ ಶಾಲೆಗಳ ನೆಲಕ್ಕೆ ಶಹಾಬಾದ್ ಕಲ್ಲಿನ ಫರಸಿ ಹಾಸಿದೆ, ಬಿಸಿಲಲ್ಲೂ ಅದು ತಣ್ಣಗಿರುತ್ತದೆ. 7ರ ಮೇಲಿನ ಕಾವಿಗೆ ಅದೇ ಸಾಧನ. ಚಪ್ಪಲಿ ಬಿಟ್ಟು ಎರಡೂ ಅಂಗಾಲು ಕಲ್ಲಿಗೆ ಊರಬೇಕು. ಎರಡು ಫರಸಿಗಳ ನಡುವಿನ ಸಂದಿಯನ್ನು ಕಾಲ್ಬೆರಳಿನಿಂದ ಹುಡುಕಿ ಹತ್ತು ಎಣಿಸುವವರೆಗೆ ಒತ್ತಿ ಹಿಡಿಯಬೇಕು, ಹತ್ತು ಎಣಿಸುವವರೆಗೆ ಸಡಿಲ ಬಿಡಬೇಕು. ಮೂರು ಸಲ. ಆಮೇಲೆ ಮನಸ್ಸಿನಲ್ಲೇ ಕಣ್ಣಿಗೆ ಕಾಣುವ ಮೂರು ವಸ್ತು, ಕಿವಿಗೆ ಕೇಳುವ ಎರಡು ಸದ್ದು, ಚರ್ಮಕ್ಕೆ ತಾಗುವ ಒಂದನ್ನು ಹೆಸರಿಸಬೇಕು. ಎರಡು ನಿಮಿಷವೂ ಹಿಡಿಯುವುದಿಲ್ಲ. ಬೆಂಚಿನ ಕೆಳಗೆ ನಡೆಯುವ ಕೆಲಸವಾದ್ದರಿಂದ ಯಾರಿಗೂ ಗೊತ್ತಾಗುವುದಿಲ್ಲ, ಈ ವಯಸ್ಸಿನವರಿಗೆ ಅದೇ ದೊಡ್ಡ ಅನುಕೂಲ. ಕಣ್ಣು ಮುಚ್ಚಲು ಒತ್ತಾಯಿಸಬೇಡಿ. ಮನೆಯಲ್ಲಿ ಹಿಂಸೆ ಕಂಡ ಮಗುವಿಗೆ ಕಣ್ಣು ಮುಚ್ಚಿದ ಕೂಡಲೇ ಬೇಡದ್ದೇ ಕಾಣುತ್ತದೆ.

ಉಸಿರಾಟ ಎಂದ ಕೂಡಲೇ "ಜೋರಾಗಿ ಉಸಿರು ಎಳಕೋರಿ" ಎನ್ನುವುದು ರೂಢಿ. ಕೆಡುವುದು ಅಲ್ಲೇ. ಎದೆ ಉಬ್ಬಿಸಿ ಬೇಗ ಬೇಗ ಎಳೆದರೆ ರಕ್ತದಲ್ಲಿನ ಕಾರ್ಬನ್ ಡೈಆಕ್ಸೈಡ್ ಇಳಿದು ತಲೆ ತಿರುಗುತ್ತದೆ, ಬೆರಳ ತುದಿ ಜುಮ್ಮೆನ್ನುತ್ತದೆ. ಮೊದಲೇ ಅಂಜಿದ ಮಗು ಇನ್ನಷ್ಟು ಅಂಜುತ್ತದೆ. ಉಪಕಾರವಾಗುವುದು ಬಿಡುವ ಉಸಿರಿನಿಂದ, ಏಕೆಂದರೆ ಹೃದಯದ ಬಡಿತ ತುಸು ನಿಧಾನವಾಗುವುದು ಉಸಿರು ಬಿಡುವಾಗಲೇ.

ಹಾಳೆಯಿಂದ ಎರಡು ಬೆರಳಗಲ, ಒಂದು ಗೇಣುದ್ದದ ಪಟ್ಟಿ ಹರಿದುಕೊಳ್ಳಲಿ. ತುಟಿಯಿಂದ ಒಂದು ಗೇಣು ದೂರ ಹಿಡಿಯಲಿ. ಮೂಗಿನಿಂದ ಮೂರು ಎಣಿಕೆ ಸಣ್ಣಗೆ ಒಳಕ್ಕೆ. ಬಶಿಯಲ್ಲಿನ ಬಿಸಿ ಚಹಾ ಊದುವಂತೆ ಬಾಯಿಂದ ಆರು ಎಣಿಕೆ ಹೊರಕ್ಕೆ. ಆರೂ ಎಣಿಕೆ ಪಟ್ಟಿ ಒಂದೇ ಹದಕ್ಕೆ ನಡುಗುತ್ತಿರಬೇಕು. ಮೊದಲೆರಡು ಎಣಿಕೆಯಲ್ಲೇ ಪಟ್ಟಿ ಹಾರಿ ನಿಂತುಬಿಟ್ಟರೆ ಉಸಿರು ಒಮ್ಮೆಗೇ ಖಾಲಿಯಾಯಿತು ಎಂದರ್ಥ, ಮೆಲ್ಲಗೆ ಬಿಡಲು ಹೇಳಿ. ಹೆಗಲು ಮೇಲೇಳಬಾರದು. ನಡುವೆ ಉಸಿರು ಹಿಡಿಯುವುದು ಬೇಡ. ಆರು ಸುತ್ತಿಗೆ ಒಂದು ನಿಮಿಷ ಆಗುತ್ತದೆ. ಮೊದಲ ವಾರ ಆರರ ಬದಲು ನಾಲ್ಕು ಎಣಿಕೆ ಸಾಕು. ಎರಡು ವಾರದ ಮೇಲೆ ಕಾಗದ ತೆಗೆಯಿರಿ. ಅಸ್ತಮಾ ಇರುವವರಿಗೆ, ಉಸಿರಿನ ಮೇಲೆ ಗಮನವಿಟ್ಟರೆ ಎದೆ ಬಿಗಿಯುತ್ತದೆ ಎನ್ನುವವರಿಗೆ ಫರಸಿಯ ಅಭ್ಯಾಸವೇ ಇರಲಿ.

"ಇದರಿಂದ ಏನಾಗ್ತದ್ರಿ?" ಎನ್ನುವ ಹುಡುಗರಿಗೆ ನಾಡಿ ಎಣಿಸಿ ತೋರಿಸಿ. ಎಲ್ಲರೂ ಮೈದಾನದ ಒಂದು ಸುತ್ತು ಓಡಿ ಬರಲಿ. ಮಣಿಕಟ್ಟಿನಲ್ಲಿ 15 ಸೆಕೆಂಡ್ ನಾಡಿ ಎಣಿಸಿ ನಾಲ್ಕರಿಂದ ಗುಣಿಸಿ ಬರೆದುಕೊಳ್ಳಲಿ. ಓಡಿ ಬಂದ ಮೇಲೆ ನಾಡಿ ತಾನಾಗಿಯೇ ಇಳಿಯುತ್ತದೆ. ಆದ್ದರಿಂದ ಅರ್ಧ ತರಗತಿ ಸುಮ್ಮನೆ ಕೂರಲಿ, ಇನ್ನರ್ಧ ಊದುವ ಉಸಿರು ಮಾಡಲಿ, ಎರಡು ನಿಮಿಷದ ಮೇಲೆ ಮತ್ತೆ ಎಣಿಸಲಿ. ಮರುದಿನ ಗುಂಪು ಅದಲು ಬದಲು. ಬಂದ ಅಂಕಿಯನ್ನು ಬಂದ ಹಾಗೇ ಬೋರ್ಡಿಗೆ ಬರೆಯಿರಿ. ಕೆಲವರಿಗೆ ವ್ಯತ್ಯಾಸ ಕಾಣದಿದ್ದರೆ ಅದನ್ನೂ ಬರೆಯಿರಿ, ಅವರಿಗೆ ಬೇರೆ ಅಭ್ಯಾಸ ಹೊಂದೀತು.

ತನಗೆ ಹೇಳಿಕೊಳ್ಳುವ ಮಾತಿನಲ್ಲಿ ಸುಳ್ಳು ಧೈರ್ಯ ಬೇಡ. "ನಾ ಫೇಲ್ ಆಗೇ ಆಗ್ತೀನಿ" ಎನ್ನುವವಳಿಗೆ "ನಾ ಫಸ್ಟ್ ಬರ್ತೀನಿ" ಎಂದು ಹೇಳಿಸಿದರೆ ಅವಳೇ ನಂಬುವುದಿಲ್ಲ. "ಗಣಿತದಾಗ ಮೂರು ಅಧ್ಯಾಯ ಬರ್ತಾವ, ಉಳಿದದ್ದು ಇನ್ನಾ ಬರಂಗಿಲ್ಲ" ಎಂಬುದು ನಿಜ. ಅದರ ಮೇಲೆ ನಿಲ್ಲಬಹುದು.

ಸಮಸ್ಯೆ ಬಿಡಿಸುವುದು

ದೆಹಲಿಯ ಸರ್ಕಾರಿ ಶಾಲೆಗಳಲ್ಲಿ ಪರೀಕ್ಷಿಸಿದ ಒಂದು ಪದ್ಧತಿಗೆ ಮೂರೇ ಮೆಟ್ಟಿಲು: ಸಮಸ್ಯೆ ಯಾವುದು, ದಾರಿಗಳೇನು, ಒಂದನ್ನು ಮಾಡಿ ನೋಡು. ಅದನ್ನೇ ಇಲ್ಲಿಗೆ ಹೊಂದಿಸಿಕೊಳ್ಳಬಹುದು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಗಣಿತಕ್ಕೆ 80ಕ್ಕೆ 11 ಬಂದ ಹುಡುಗಿಯೊಬ್ಬಳು ಇದ್ದಾಳೆ ಎಂದಿಟ್ಟುಕೊಳ್ಳಿ. "ನನ್ನ ಜೀವನ ಹಾಳಾಯ್ತು" ಎಂಬುದು ಸಮಸ್ಯೆಯಲ್ಲ, ಅದು ಕಾವಿನ ಮಾತು. "ಬೀಜಗಣಿತದ ಲೆಕ್ಕ ಶುರು ಮಾಡಲಿಕ್ಕೇ ಬರಂಗಿಲ್ಲ" ಎಂಬಷ್ಟು ಸಣ್ಣದಾಗುವವರೆಗೆ ಕೇಳುತ್ತ ಹೋಗಬೇಕು. ದಾರಿಗಳನ್ನು ಬರೆಯುವಾಗ ಐದಾದರೂ ಬರಲಿ, ಕೆಟ್ಟ ದಾರಿಗಳೂ ಬರಲಿ: ಕಾಪಿ ಹೊಡೆಯುವುದು, ಶಾಲೆ ಬಿಡುವುದು, ಗೆಳತಿಯ ಹತ್ತಿರ ದಿನಕ್ಕೆರಡು ಲೆಕ್ಕ ಹೇಳಿಸಿಕೊಳ್ಳುವುದು, ಟೀಚರನ್ನು ಬಿಡುವಿನ ವೇಳೆಯಲ್ಲಿ ಕೇಳುವುದು, ಹಳೆಯ ಪ್ರಶ್ನೆಪತ್ರಿಕೆಯ ಸುಲಭ ಪ್ರಶ್ನೆ ಮೊದಲು ಹಿಡಿಯುವುದು. ಕೆಟ್ಟದ್ದನ್ನು ನೀವು ಅಳಿಸಬೇಡಿ. ಒಂದೊಂದರ ಮುಂದೆ "ನಾಳೆ ಏನಾಗ್ತದ, ಮಾರ್ಚ್‌ನಾಗ ಏನಾಗ್ತದ" ಎಂದು ಬರೆಸಿದರೆ ಅವಳೇ ಅಳಿಸುತ್ತಾಳೆ. ಆರಿಸಿದ್ದಕ್ಕೆ ದಿನ, ಹೊತ್ತು, ಜೊತೆಗೆ ಯಾರು ಎಂಬ ಮೂರೂ ಇರಬೇಕು. ಒಂದು ವಾರದ ಮೇಲೆ ಏನಾಯಿತು ಎಂದು ತಪ್ಪದೆ ಕೇಳಿ, ಕೇಳದಿದ್ದರೆ ಎಲ್ಲವೂ ಹಾಳೆಯಲ್ಲೇ ಉಳಿಯುತ್ತದೆ.

ಕೈಯಲ್ಲಿಲ್ಲದ ಸಮಸ್ಯೆಗಳಿಗೆ ಈ ಮೆಟ್ಟಿಲು ಹತ್ತಿಸಬೇಡಿ. ಅವ್ವ ಅಪ್ಪ ಕಟ್ಟಡ ಕೆಲಸಕ್ಕೆಂದು ಪುಣೆ, ಮುಂಬೈ, ಬೆಂಗಳೂರು, ಹೈದರಾಬಾದ್ ಸೇರಿ, ಮುತ್ಯಾ ಆಯಿಯ ಹತ್ತಿರ ಉಳಿದ ಮಕ್ಕಳು ಈ ಮೂರೂ ಜಿಲ್ಲೆಯಲ್ಲಿದ್ದಾರೆ. ಅವರ ಬೇಸರಕ್ಕೆ ಪರಿಹಾರ ಹುಡುಕಲು ಹೇಳುವುದು ಅನ್ಯಾಯ. ಅದನ್ನು ಹೊರುವ ಬಲ ಬೇಕು: ಅವ್ವನ ಫೋನಿಗೆ ವಾರದಲ್ಲಿ ಗೊತ್ತಾದ ದಿನ, ಗೊತ್ತಾದ ಹೊತ್ತು. ಊರಲ್ಲಿ ಹೇಳಿಕೊಳ್ಳಲು ಒಬ್ಬ ದೊಡ್ಡವರು, ಅಕ್ಕನೋ ಕಾಕಾನೋ. ಅಳು ಬಂದರೆ ಅಳುವುದಕ್ಕೆ ಒಪ್ಪಿಗೆ, ಗಂಡು ಹುಡುಗರಿಗೂ. "ಮನೆಗೆ ಹೋಗಿ ತಾಯಿ ಜೊತೆ ಚರ್ಚಿಸಿ ಬರ್ರಿ" ಎಂಬ ಮನೆಗೆಲಸವನ್ನು ಇಂಥ ತರಗತಿಯಲ್ಲಿ ಕೊಡಲೇಬೇಡಿ.

ತರಗತಿಯ ಕಟ್ಟುಪಾಡು, ಪೆಟ್ಟಿಗೆ, ಅಪಾಯದ ಸುಳಿವು

ಇದು ಪಾಠ, ಚಿಕಿತ್ಸೆಯಲ್ಲ. "ನಿಮ್ಮ ಜೀವನದ ಅತಿ ದುಃಖದ ಘಟನೆ ಹೇಳ್ರಿ" ಎಂದು ಅಗೆಯುವುದು ಗಾಯ ಕೆದಕಿ ಹಾಗೇ ಬಿಟ್ಟುಹೋದಂತೆ. ಹೇಳಲಾರದವರು "ಪಾಸ್" ಅನ್ನಬಹುದು, ಕಾರಣ ಕೇಳುವಂತಿಲ್ಲ. ಮೊದಲ ದಿನವೇ ಒಂದು ಮಾತು ಸ್ಪಷ್ಟವಾಗಿ ಹೇಳಿ: "ನೀವು ಹೇಳಿದ್ದು ನನ್ನ ಹತ್ತಿರನೇ ಇರ್ತದ. ಆದರ ಯಾರದಾರ ಜೀವಕ್ಕ ಅಪಾಯ ಅದ ಅಂದ್ರ, ಯಾರಾರ ಮೈ ಮುಟ್ಟಿ ತ್ರಾಸ ಕೊಟ್ಟಾರ ಅಂದ್ರ, ನಾ ಸಹಾಯ ಮಾಡೋರಿಗೆ ಹೇಳಲೇಬೇಕು." ಇದನ್ನು ಮುಚ್ಚಿಟ್ಟು ಆಮೇಲೆ ಹೇಳಿದರೆ ಮಗುವಿಗೆ ಅದು ವಿಶ್ವಾಸದ್ರೋಹ.

ಪ್ರಶ್ನೆ ಪೆಟ್ಟಿಗೆ ಇಟ್ಟರೆ ದಿನವೂ ಸಂಜೆ ಶಾಲೆ ಬಿಡುವ ಮುನ್ನ ತೆರೆಯಿರಿ. ಸೋಮವಾರ ಹಾಕಿದ "ನನಗ ಬದುಕೋದು ಬ್ಯಾಡಾಗ್ಯದ" ಎಂಬ ಚೀಟಿಯನ್ನು ಶನಿವಾರ ಓದುವಂತಾಗಬಾರದು. ದಿನಾ ತೆರೆಯಲು ಆಗದಿದ್ದರೆ ಪೆಟ್ಟಿಗೆ ಇಡದಿರುವುದೇ ಲೇಸು. ಹೆಸರು ಬರೆಯಲು ಅಂಜುವವರು ಹಾಜರಿ ನಂಬರ್ ಬರೆಯಲಿ.

ಸಾವಿನ ಮಾತು, ತನಗಿಷ್ಟದ ವಸ್ತುಗಳನ್ನು ಹಂಚಿಬಿಡುವುದು, ಕೈಮೇಲೆ ಗಾಯದ ಗೆರೆ, ಸದಾ ಜೊತೆಗಿದ್ದವರಿಂದ ದೂರಾಗುವುದು ಕಂಡರೆ ಒಬ್ಬರೇ ಕೂತು ನೇರವಾಗಿ ಕೇಳಿ: "ಸಾಯಬೇಕು ಅಂತ ಅನಸ್ಲತ್ತದೇನವ್ವಾ?" ಕೇಳುವುದರಿಂದ ಆ ಯೋಚನೆ ತಲೆಗೆ ಹೊಗುವುದಿಲ್ಲ, ಇದ್ದದ್ದು ಹಗುರಾಗುತ್ತದೆ. ಹೌದು ಅಂದರೆ ಒಂದು ಕ್ಷಣವೂ ಒಂಟಿಯಾಗಿ ಬಿಡಬೇಡಿ. ಮುಖ್ಯಗುರುಗಳಿಗೆ ತಿಳಿಸಿ, ಮನೆಯವರನ್ನು ಕರೆಸಿ, ತೊಗರಿ ಹತ್ತಿಗೆ ತಂದಿಟ್ಟ ಔಷಧ ಮನೆಯಲ್ಲಿದ್ದರೆ ಅಂದೇ ಕೀಲಿ ಹಾಕಿಸಿ ಅಥವಾ ಸಾಗಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿ ಮಾತಾಡುತ್ತಾರೆ. ಅದೇ ದಿನ ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್ ಅಥವಾ ಯಾದಗಿರಿಯ ಯಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಿಸಿ. ಅಪಾಯ ಮನೆಯವರಿಂದಲೇ ಇದ್ದರೆ, ಬಾಲ್ಯವಿವಾಹದ ಮಾತು ನಡೆದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಲೈಂಗಿಕ ದೌರ್ಜನ್ಯ ತಿಳಿದುಬಂದರೆ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಮುಚ್ಚಿಟ್ಟರೆ ಅಪರಾಧ. ವಿವರ ಕೆದಕಿ ಮತ್ತೆ ಮತ್ತೆ ಹೇಳಿಸಬೇಡಿ. ಮಗು ಹೇಳಿದ್ದನ್ನು ಅದರ ಮಾತಿನಲ್ಲೇ ಬರೆದಿಡಿ.

ಈ ಕಲಿಕೆಗೆ ಅಂಕ ಬೇಡ. ಜಗಳ ಎಷ್ಟಾದವು, ತಾವಾಗಿ ಬಂದು ಹೇಳಿಕೊಂಡವರೆಷ್ಟು ಎಂದು ತಿಂಗಳಿಗೊಮ್ಮೆ ಬರೆದಿಟ್ಟರೆ ಸಾಕು. ಹೇಳಿಕೊಳ್ಳುವವರು ಮೊದಲು ಹೆಚ್ಚಾಗುತ್ತಾರೆ, ಅದನ್ನು ಕಂಡು ಗಾಬರಿಯಾಗಬೇಡಿ.

ಜನವರಿಯಿಂದ ಹತ್ತನೇ ತರಗತಿಗೆ ಪ್ರತಿ ಕಿರುಪರೀಕ್ಷೆಯ ಮೊದಲೂ ಇದೇ ಕ್ರಮ ಮಾಡಿಸಿ: ಪ್ರಶ್ನೆಪತ್ರಿಕೆ ಕೈಗೆ ಬಂದ ಮೇಲೆ ಪೆನ್ನು ಕೆಳಗೆ, ಅಂಗಾಲು ಫರಸಿಗೆ, ಊದುವ ಉಸಿರು ಆರು ಸುತ್ತು, ಆಮೇಲೆ ಓದು, ಬರುವ ಪ್ರಶ್ನೆಗೆ ಮೊದಲ ಗುರುತು. ಮಾರ್ಚ್‌ನಲ್ಲಿ ಪ್ರಶ್ನೆಪತ್ರಿಕೆ ಓದಲೆಂದು ಕೊಡುವ 15 ನಿಮಿಷದಲ್ಲಿ ಇದಕ್ಕೆ ತಗಲುವುದು ಒಂದೇ ನಿಮಿಷ.